ರೋಮ್‌ನ ರೈಲು ಹಳಿಗಳ ಪಕ್ಕದ ಒಡೆದ ಗುಮ್ಮಟ: ಮಿನರ್ವಾ ಮೆಡಿಕಾವನ್ನು ನೋಡುವ ಕ್ರಮ

ಫ್ಯೂಮಿಚೀನೋ ವಿಮಾನ ನಿಲ್ದಾಣದಿಂದ ಹೊರಟ ರೈಲು ಟೆರ್ಮಿನಿ ನಿಲ್ದಾಣವನ್ನು ಸೇರುವ ಮುನ್ನ ವೇಗ ತಗ್ಗಿಸುತ್ತದೆ. ಆಗ ಎಡಗಡೆಯ ಕಿಟಕಿಯಲ್ಲಿ ಕೆಲವು ಕ್ಷಣಗಳ ಕಾಲ ಭಾರಿ ಇಟ್ಟಿಗೆ ಕಟ್ಟಡವೊಂದು ಕಾಣಿಸಿಕೊಳ್ಳುತ್ತದೆ. ಅದರ ನೆತ್ತಿ ಕುಸಿದಿದೆ. ಸಾಲುಗಟ್ಟಿದ ದೊಡ್ಡ ಕಮಾನು ಕಿಟಕಿಗಳ ಮೂಲಕ ಆಚೆಯ ಆಕಾಶ ತೋರುತ್ತದೆ. ಆ ಹೊತ್ತಿಗೆ ಎಲ್ಲರೂ ಮೇಲಿನ ಅಟ್ಟದಿಂದ ಚೀಲಗಳನ್ನು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ನಾನೂ ಮೊದಲ ಸಲ ಅದನ್ನು ಹಾಗೆಯೇ, ಚೀಲದ ಪಟ್ಟಿಯನ್ನು ಹೆಗಲಿಗೇರಿಸುತ್ತ, ಅರ್ಧ ಕಣ್ಣಿನಲ್ಲಿ ಕಂಡಿದ್ದೆ. ಅದು ಏನೆಂದು ತಿಳಿಯಲು ಮರುದಿನ ಮಧ್ಯಾಹ್ನ ನಡೆದುಕೊಂಡು ಹಿಂದಿರುಗಬೇಕಾಯಿತು.

ಅದರ ಹೆಸರು ಮಿನರ್ವಾ ಮೆಡಿಕಾ ದೇವಾಲಯ. ಒಂದು ಮಗ್ಗುಲಲ್ಲಿ ಟೆರ್ಮಿನಿಗೆ ಸೇರುವ ಹಳಿಗಳ ಹಾಸು, ಇನ್ನೊಂದು ಮಗ್ಗುಲಲ್ಲಿ ವಿಯಾ ಜೊಲಿತ್ತಿ ಎಂಬ ರಸ್ತೆ ಮತ್ತು ಅದರ ಮೇಲೆ ಓಡುವ ಕಿರುಹಳಿಯ ನಗರ ರೈಲು; ಇವುಗಳ ನಡುವೆ ಅದು ನಿಂತಿದೆ. ಕೊಲೋಸಿಯಂ ಮುಂದೆ ದಿನವಿಡೀ ಸಾಲು ನಿಲ್ಲುವ ಇದೇ ನಗರದಲ್ಲಿ ಇದರ ಬೇಲಿಯ ಬಳಿ ನಿಂತು ನೋಡುವವರು ವಿರಳ. ಇಂಥ ಸ್ಥಳವನ್ನು ನೋಡಲು ಟಿಕೆಟ್ ಬೇಕಾಗುವುದಿಲ್ಲ, ಆದರೆ ಸಿದ್ಧತೆ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಅಲ್ಲಿ ನಿಮಗೆ ವಿವರಿಸಿ ಹೇಳುವವರು ಯಾರೂ ಇರುವುದಿಲ್ಲ. ಟೆರ್ಮಿನಿಯಿಂದ ಪೋರ್ತಾ ಮಜ್ಜೋರೆ ಎಂಬ ಹಳೆಯ ಮಹಾದ್ವಾರದವರೆಗಿನ ಒಂದು ಮಧ್ಯಾಹ್ನದ ನಡಿಗೆಯನ್ನು ಹೇಗೆ ಹಮ್ಮಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ನಿಂತಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲನೆಯದು: ಹೆಸರಿನ ತಪ್ಪನ್ನು ತಿಳಿದು ಹೊರಡುವುದು

ಇದು ದೇವಾಲಯವಲ್ಲ. ರೋಮ್ ನಗರದ ಈ ಭಾಗದಲ್ಲಿ ವೈದ್ಯ ಮಿನರ್ವಾ ದೇವಿಗೆ ಮುಡಿಪಾದ ಗುಡಿಯೊಂದು ಇದ್ದಿತೆಂದು ಪ್ರಾಚೀನ ಪಟ್ಟಿಗಳು ಹೇಳುತ್ತವೆ. ಪಾದದ ಬಳಿ ಹಾವಿರುವ ಮಿನರ್ವಾ ಪ್ರತಿಮೆಯೊಂದು ಇಲ್ಲಿಯೇ ಸಿಕ್ಕಿತೆಂಬ ಮಾತೂ ಹಬ್ಬಿತ್ತು. ಇವೆರಡೂ ಸೇರಿ, ಗುಡಿಗೂ ಈ ಕಟ್ಟಡಕ್ಕೂ ಸಂಬಂಧವಿಲ್ಲದಿದ್ದರೂ, ಹೆಸರು ಅಂಟಿಕೊಂಡಿತು. ನಿಜದಲ್ಲಿ ಇದು ಕ್ರಿ.ಶ. 4ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಒಂದು ವೈಭವದ ಸಭಾಂಗಣ. ಆಗ ಈ ಎಸ್ಕ್ವಿಲೀನೋ ದಿಣ್ಣೆಯ ಮೇಲೆ ಶ್ರೀಮಂತರ ಉದ್ಯಾನಗಳು ಹರಡಿಕೊಂಡಿದ್ದವು, ಅಂಥ ಒಂದು ಉದ್ಯಾನದೊಳಗಿನ ಕಟ್ಟಡ ಇದು. ‘ದೇವಾಲಯ’ ಎಂಬ ಪದವನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಗರ್ಭಗುಡಿ ಎಲ್ಲಿ, ಬಲಿಪೀಠ ಎಲ್ಲಿ ಎಂದು ಹುಡುಕುತ್ತ ಇರುವುದನ್ನು ನೋಡದೆ ಬರುತ್ತೀರಿ. ಔತಣ ನಡೆಯಬಹುದಾದ, ಬೆಳಕು ತುಂಬಿದ ದುಂಡು ಮಂಟಪವೆಂದು ಭಾವಿಸಿ ಹೋದರೆ ಪ್ರತಿ ಕಿಟಕಿಯೂ ಅರ್ಥವಾಗತೊಡಗುತ್ತದೆ.

ಅಳತೆಯನ್ನೂ ತಿಳಿದಿರಿ. ಕಟ್ಟಡಕ್ಕೆ ಹತ್ತು ಭುಜಗಳಿವೆ, ಒಳಗಿನ ಅಗಲ ಸುಮಾರು 25 ಮೀಟರ್, ಗುಮ್ಮಟ ಪೂರ್ಣವಾಗಿದ್ದಾಗ ಎತ್ತರ 30 ಮೀಟರ್ ದಾಟುತ್ತಿತ್ತು. ಇದೇ ನಗರದ ಪ್ರಸಿದ್ಧ ಪ್ರಾಚೀನ ದೇವಾಲಯವಾದ ಪ್ಯಾಂಥಿಯಾನ್ ಕಟ್ಟಡದ ಗುಮ್ಮಟದ ಅಗಲ 43 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅದಕ್ಕೆ ಹೋಲಿಸಿದರೆ ಇದು ಚಿಕ್ಕದು; ಆದರೂ ರೋಮ್ ನಗರದ ಪ್ರಾಚೀನ ಗುಮ್ಮಟಗಳಲ್ಲಿ ಇದು ದೊಡ್ಡವುಗಳ ಸಾಲಿಗೇ ಸೇರುತ್ತದೆ.

ಇನ್ನೊಂದು ಕೆಲಸವನ್ನು ಮನೆಯಲ್ಲಿಯೇ ಮಾಡಿ. 18ನೆಯ ಶತಮಾನದ ಚಿತ್ರಕಾರ ಪಿರಾನೇಸಿ ಈ ಕಟ್ಟಡವನ್ನು ತಾಮ್ರದ ಹಲಗೆಯ ಮೇಲೆ ಕೆತ್ತಿ ಮುದ್ರಿಸಿದ್ದಾನೆ. ಆ ಚಿತ್ರದಲ್ಲಿ ಸುತ್ತಲೂ ಬಯಲು, ಕಟ್ಟಡದ ಮೇಲೆ ಗುಮ್ಮಟದ ದೊಡ್ಡ ಭಾಗ ಇನ್ನೂ ಉಳಿದಿದೆ. ಗುಮ್ಮಟ ಕುಸಿದದ್ದು 1828ರಲ್ಲಿ. 1870ರ ನಂತರ ರೋಮ್ ಇಟಲಿಯ ರಾಜಧಾನಿಯಾಗುತ್ತಲೇ ಈ ದಿಣ್ಣೆಯ ಮೇಲಿನ ದ್ರಾಕ್ಷಿ ತೋಟಗಳೂ ಹಳೆಯ ಬಂಗಲೆಗಳೂ ಮಾಯವಾಗಿ ರೈಲು ಹಳಿ ಮತ್ತು ವಠಾರಗಳು ಬಂದವು. ಪಿರಾನೇಸಿಯ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಕೈಯಲ್ಲಿ ಹಿಡಿದು ಹೋಗಿ. ಬಿಸಿಲಿನಲ್ಲಿ ಮೊಬೈಲ್ ಪರದೆ ಸರಿಯಾಗಿ ಕಾಣುವುದಿಲ್ಲ. ಚಿತ್ರವನ್ನೂ ಕಟ್ಟಡವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಕಳೆದುಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು: ಬಾಗಿಲು ತೆರೆದಿರುತ್ತದೆಯೇ ಎಂದು ವಿಚಾರಿಸುವುದು

ದಿನನಿತ್ಯ ಇದರ ಬಾಗಿಲು ತೆರೆದಿರುವುದಿಲ್ಲ. ದುರಸ್ತಿ ಕೆಲಸಗಳಾದ ಮೇಲೆ ಕೆಲವು ಸಂದರ್ಭಗಳಲ್ಲಿ ಮಾತ್ರ, ಮುಂಗಡ ಹೆಸರು ಕೊಟ್ಟ ಸಣ್ಣ ಗುಂಪುಗಳನ್ನು ಒಳಗೆ ಬಿಟ್ಟಿದ್ದಾರೆ. ಪ್ರಯಾಣದ ತಿಂಗಳು ಗೊತ್ತಾದ ಕೂಡಲೇ ರೋಮ್‌ನ ಪುರಾತತ್ವ ಆಡಳಿತದ ಪ್ರಕಟಣೆಗಳನ್ನು ನೋಡಿ. ಪ್ರತಿ ವರ್ಷ ಸೆಪ್ಟೆಂಬರ್ ಸುಮಾರಿಗೆ ನಡೆಯುವ ಯುರೋಪಿನ ಪರಂಪರೆ ದಿನಗಳಲ್ಲಿ, ಉಳಿದಂತೆ ಮುಚ್ಚಿರುವ ಅನೇಕ ಸ್ಥಳಗಳನ್ನು ತೆರೆಯುವ ವಾಡಿಕೆ ಇದೆ. ಫಲಕಗಳ ಮೇಲೆ ಕಾಣುವ ನಾಲ್ಕು ಇಟಾಲಿಯನ್ ಮಾತುಗಳನ್ನು ಗುರುತು ಮಾಡಿಕೊಂಡಿರಿ: ‘ಕ್ಯೂಜೊ’ ಎಂದರೆ ಮುಚ್ಚಿದೆ, ‘ಲವೋರಿ ಇನ್ ಕೋರ್ಸೊ’ ಎಂದರೆ ಕೆಲಸ ನಡೆಯುತ್ತಿದೆ, ‘ಸು ಪ್ರೆನೋತತ್ಸಿಯೋನೆ’ ಎಂದರೆ ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ, ‘ವಿಯೆತಾತೊ’ ಎಂದರೆ ನಿಷಿದ್ಧ.

ಒಳಗೆ ಹೋಗಲು ಅವಕಾಶ ಸಿಗದಿದ್ದರೆ ಬೇಸರ ಬೇಡ. ಈ ಕಟ್ಟಡದ ಬಹುಪಾಲು ಸಂಗತಿಗಳನ್ನು ರಸ್ತೆಯಿಂದಲೇ ಓದಬಹುದು, ಅದಕ್ಕಾಗಿಯೇ ಇದನ್ನು ಆರಿಸಿಕೊಂಡೆ. ಆದರೆ ಬೇಲಿ ಹಾರುವ, ಹಳಿಯ ಕಡೆಯಿಂದ ನುಸುಳುವ ಯೋಚನೆಯನ್ನು ಎಂದಿಗೂ ಮಾಡಬೇಡಿ. ಎರಡೂ ಕಡೆ ರೈಲು ಓಡುತ್ತದೆ, ಹಳೆಯ ಗೋಡೆಯಿಂದ ಕಲ್ಲು ಬೀಳುವ ಅಪಾಯವಿದೆ, ಮತ್ತು ನೆಲದ ಮೇಲೆ ಬಿದ್ದ ಒಂದು ಇಟ್ಟಿಗೆ ಚೂರನ್ನು ಎತ್ತಿಕೊಂಡರೂ ಅದು ಇಟಲಿಯ ಕಾನೂನಿನಲ್ಲಿ ಅಪರಾಧ.

ಮೂರನೆಯದು: ಹೊತ್ತು ಮತ್ತು ಕೈಚೀಲ

ರಸ್ತೆಯ ಕಡೆಯಿಂದ ಕಾಣುವ ಮುಖ ನೈಋತ್ಯಕ್ಕಿದೆ. ಬೆಳಿಗ್ಗೆ ಹೋದರೆ ಸೂರ್ಯ ಕಟ್ಟಡದ ಹಿಂದಿರುತ್ತಾನೆ, ನಿಮಗೆ ಕಪ್ಪು ಆಕಾರ ಮಾತ್ರ ಕಾಣುತ್ತದೆ. ಮಧ್ಯಾಹ್ನ ಮೂರರ ನಂತರ ಓರೆಬಿಸಿಲು ಇಟ್ಟಿಗೆಯ ಮೇಲೆ ನೇರವಾಗಿ ಬಿದ್ದಾಗ ಪ್ರತಿ ಸಾಲೂ, ಪ್ರತಿ ತೂತೂ ಎದ್ದು ಕಾಣುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳ ಸೆಕೆಯಲ್ಲಿ ಈ ನಡಿಗೆ ಆಯಾಸ ತರುತ್ತದೆ. ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯವು.

ಸಣ್ಣ ದುರ್ಬೀನು ಒಂದಿದ್ದರೆ ಬೇರೇನೂ ಬೇಡವೆನ್ನುವಷ್ಟು ಉಪಯೋಗ. ಖಾಲಿ ಬಾಟಲಿ ತೆಗೆದುಕೊಂಡು ಹೋಗಿ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ಎರಕದ ಕಬ್ಬಿಣದ ಕುಡಿಯುವ ನೀರಿನ ಕಂಬಗಳಿವೆ, ಅವುಗಳನ್ನು ಅಲ್ಲಿನವರು ‘ನಸೋನೆ’, ಎಂದರೆ ದೊಡ್ಡಮೂಗಿನದು, ಎಂದು ಕರೆಯುತ್ತಾರೆ. ಪಾಸ್‌ಪೋರ್ಟ್ ಮತ್ತು ಹಣವನ್ನು ಬಟ್ಟೆಯ ಒಳಜೇಬಿನಲ್ಲಿಡಿ, ಟೆರ್ಮಿನಿ ಸುತ್ತಮುತ್ತ ಜೇಬುಗಳ್ಳರ ಕಾಟವಿದೆ.

ನಾಲ್ಕನೆಯದು: ನಡೆದೇ ಹೋಗುವುದು

ಟೆರ್ಮಿನಿಯ ಮುಂಭಾಗದ ಗಾಜಿನ ಕಟ್ಟಡದ ಪಕ್ಕದಲ್ಲೇ ಭಾರಿ ಕಲ್ಲುಗಳ ಒಂದು ಗೋಡೆ ಇದೆ. ಬಸ್ಸಿಗೆ ಓಡುವವರು ಅದನ್ನು ದಾಟಿಕೊಂಡೇ ಹೋಗುತ್ತಾರೆ. ಅದು ಕ್ರಿ.ಪೂ. 4ನೆಯ ಶತಮಾನದ ಸರ್ವಿಯನ್ ಕೋಟೆಗೋಡೆಯ ತುಣುಕು. ನಿಮ್ಮ ನಡಿಗೆಯ ಉಳಿದ ಕಟ್ಟಡಗಳಿಗಿಂತ ಮುನ್ನೂರು ವರ್ಷ, ಕೆಲವಕ್ಕಿಂತ ಏಳುನೂರು ವರ್ಷ ಹಿಂದಿನದು ಎಂಬುದನ್ನು ನೆನಪಿನಲ್ಲಿಟ್ಟು ಮುಂದೆ ಹೊರಡಿ. ಇಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದಾರೆ. ಮುಂದೆ ಕಾಣುವ ಗುಮ್ಮಟ ಗಾರೆಯ ಪವಾಡ.

ಅಲ್ಲಿಂದ ವಿಯಾ ಜೊಲಿತ್ತಿಗೆ ಬಂದು, ನಿಲ್ದಾಣವನ್ನು ಎಡಗೈಗೆ ಇಟ್ಟುಕೊಂಡು ಆಗ್ನೇಯ ದಿಕ್ಕಿಗೆ ನೇರವಾಗಿ ನಡೆಯಿರಿ. ಹೆಚ್ಚೂಕಡಿಮೆ ಇಪ್ಪತ್ತು ನಿಮಿಷದ ದಾರಿ. ದಾರಿಯಲ್ಲಿ ಎಡಕ್ಕೆ ಸಾಂತಾ ಬಿಬಿಯಾನಾ ಎಂಬ ಚಿಕ್ಕ ಚರ್ಚು ಸಿಗುತ್ತದೆ. 1624ರಿಂದ 1626ರ ನಡುವೆ ಆಗಿನ್ನೂ ಯುವಕನಾಗಿದ್ದ ಶಿಲ್ಪಿ ಬರ್ನಿನಿ ಅದರ ಮುಂಭಾಗವನ್ನು ಹೊಸದಾಗಿ ರೂಪಿಸಿದ. ವಾಸ್ತುಶಿಲ್ಪಿಯಾಗಿ ಅದು ಅವನ ಮೊದಲ ಕೆಲಸ. ತೆರೆದಿದ್ದರೆ ಹತ್ತು ನಿಮಿಷ ಒಳಗೆ ಹೋಗಿ ಬನ್ನಿ.

ಈ ರಸ್ತೆ ಪ್ರವಾಸಿಗಳಿಗಾಗಿ ಸಿಂಗರಿಸಿದ ರಸ್ತೆಯಲ್ಲ. ಗೋಡೆಗಳ ಮೇಲೆ ಬಣ್ಣದ ಬರಹಗಳಿರುತ್ತವೆ, ಕಸ ಇರುತ್ತದೆ, ಮನೆಯಿಲ್ಲದವರು ಕಂಬಳಿ ಹಾಸಿಕೊಂಡು ಮಲಗಿರುತ್ತಾರೆ. ಅವರ ಪಾಲಿಗೆ ಅದು ವಾಸದ ಜಾಗ. ಅವರ ಚಿತ್ರ ತೆಗೆಯಬೇಡಿ, ಕಟ್ಟಡದ ಚಿತ್ರದ ಚೌಕಟ್ಟಿನೊಳಗೆ ಅವರು ಬರುವಂತಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯಿರಿ. ಕತ್ತಲಾದ ಮೇಲೆ ಈ ಭಾಗದಲ್ಲಿ ಒಬ್ಬರೇ ಅಲೆಯದಿರುವುದು ಒಳ್ಳೆಯದು.

ಐದನೆಯದು: ಗುಮ್ಮಟದ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡುವುದು

ತಲುಪಿದ ಕೂಡಲೇ ಬೇಲಿಯ ಹತ್ತಿರಕ್ಕೆ ಹೋಗಬೇಡಿ. ರಸ್ತೆಯ ಎದುರು ಬದಿಯ ಪಾದಚಾರಿ ದಾರಿಯಲ್ಲಿ, ಇಡೀ ಕಟ್ಟಡ ಒಂದೇ ನೋಟಕ್ಕೆ ಸಿಗುವ ಕಡೆ ನಿಲ್ಲಿ. ನಗರ ರೈಲು ಬಂದರೆ ಅದು ಕಟ್ಟಡದ ಬುಡದಲ್ಲಿ ಹಾದುಹೋಗುವವರೆಗೆ ಕಾಯಿರಿ. ಆ ಪುಟ್ಟ ಗಾಡಿಯ ಪಕ್ಕದಲ್ಲಿ ಗೋಡೆಯ ಎತ್ತರದ ಅಂದಾಜು ಸರಿಯಾಗಿ ಸಿಗುತ್ತದೆ.

ಮೊದಲು ತಳಭಾಗ. ಹತ್ತು ಭುಜಗಳಲ್ಲಿ ಒಂದು ಪ್ರವೇಶದ್ವಾರ, ಉಳಿದ ಒಂಬತ್ತರಲ್ಲಿ ಒಂದೊಂದು ಅರ್ಧವೃತ್ತದ ಗೂಡು ಇತ್ತು. ಆ ಗೂಡುಗಳು ಗೋಡೆಯ ದಪ್ಪದೊಳಗೆ ಅಡಗದೆ ಹೊರಕ್ಕೆ ಉಬ್ಬಿಕೊಂಡಿರುವುದರಿಂದ ಕಟ್ಟಡದ ಬುಡ ಅರಳಿದ ಹೂವಿನ ಎಸಳುಗಳಂತೆ ಕಾಣುತ್ತದೆ. ಇದು ಅಂದಕ್ಕಷ್ಟೇ ಮಾಡಿದ್ದಲ್ಲ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಬಾಗಿದ ಈ ಎಸಳುಗಳು ಆ ಒತ್ತಡಕ್ಕೆ ಎದೆಯೊಡ್ಡಿ ನಿಲ್ಲುತ್ತವೆ.

ಆದರೆ ಅಷ್ಟು ಸಾಲಲಿಲ್ಲ. ಕಟ್ಟಿ ಮುಗಿಸಿದ ಸ್ವಲ್ಪ ಕಾಲಕ್ಕೇ ಗೋಡೆಗಳಿಗೆ ಆಸರೆ ಬೇಕಾಯಿತು. ದುರ್ಬೀನಿನಿಂದ ಗೋಡೆಯ ಮೇಲ್ಮೈಯನ್ನು ನಿಧಾನವಾಗಿ ನೋಡಿ. ಮೂಲ ಕಟ್ಟಡದ ಮೇಲ್ಮೈ ಪೂರ್ತಿ ಇಟ್ಟಿಗೆಯದು. ಅದಕ್ಕೆ ಆನಿಸಿ ಕಟ್ಟಿದ ಭಾಗಗಳಲ್ಲಿ ಒಂದು ಸಾಲು ಬೂದುಬಣ್ಣದ ಸಣ್ಣ ಟೂಫಾ ಕಲ್ಲು, ಅದರ ಮೇಲೆ ಇಟ್ಟಿಗೆ, ಮತ್ತೆ ಕಲ್ಲು ಎಂಬಂತೆ ಪಟ್ಟೆಗಳು ಕಾಣುತ್ತವೆ. ಆ ಪಟ್ಟೆಯ ಗೋಡೆಗಳೇ ನಂತರದ ದುರಸ್ತಿ. ಒಮ್ಮೆ ಈ ವ್ಯತ್ಯಾಸ ಕಣ್ಣಿಗೆ ಹತ್ತಿತೆಂದರೆ, ಎಲ್ಲಿ ಭಯವಿತ್ತು, ಎಲ್ಲಿ ಬಿರುಕು ಬಿಟ್ಟಿರಬಹುದು ಎಂಬುದನ್ನು ನೀವೇ ಊಹಿಸುತ್ತ ಸುತ್ತಬಹುದು. ನನಗೆ ಈ ಕಟ್ಟಡದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ, ಏಕೆಂದರೆ ಹದಿನೇಳು ಶತಮಾನಗಳ ಹಿಂದಿನ ಮೇಸ್ತ್ರಿಯೊಬ್ಬನ ಆತಂಕವೂ ಅವನು ಕಂಡುಕೊಂಡ ಉಪಾಯವೂ ಅಲ್ಲಿ ಬಯಲಿನಲ್ಲಿ ನಿಂತಿವೆ.

ಇಟ್ಟಿಗೆ ಎಂದೆ, ಆದರೆ ರೋಮನ್ನರ ಗೋಡೆ ಪೂರ್ತಿ ಇಟ್ಟಿಗೆಯಲ್ಲ. ಇಟ್ಟಿಗೆ ಹೊರಗಿನ ತೊಗಲು ಮಾತ್ರ. ಒಳಗೆ ಸುಣ್ಣ, ಜ್ವಾಲಾಮುಖಿಯ ಮಣ್ಣು ಮತ್ತು ಕಲ್ಲಿನ ಚೂರುಗಳನ್ನು ಕಲಸಿ ತುಂಬಿದ ಗಟ್ಟಿ ಕಾಂಕ್ರೀಟು. ಗೋಡೆ ಒಡೆದ ಕಡೆಗಳಲ್ಲಿ ಈ ಒಳತಿರುಳು ಹೊರಗೆ ಕಾಣುತ್ತದೆ. ಗೋಡೆಯುದ್ದಕ್ಕೂ ಒಂದೇ ಅಂತರದಲ್ಲಿ ಸಾಲಾಗಿ ಇರುವ ಚೌಕ ತೂತುಗಳು ಗುಂಡಿನ ಗಾಯಗಳಲ್ಲ, ಕಟ್ಟುವಾಗ ಸಾರವೆಯ ಮರಗಳನ್ನು ತೂರಿಸಿದ ಕುಳಿಗಳು.

ಈಗ ನಡುಭಾಗ. ಪ್ರತಿ ಭುಜದ ಮೇಲೆ ಒಂದೊಂದರಂತೆ ಹತ್ತು ದೊಡ್ಡ ಕಮಾನು ಕಿಟಕಿಗಳು. ಪ್ಯಾಂಥಿಯಾನ್‌ನಲ್ಲಿ ಬೆಳಕು ನೆತ್ತಿಯ ಒಂದೇ ಕಿಂಡಿಯಿಂದ ಇಳಿಯುತ್ತದೆ. ಇಲ್ಲಿ ಎಲ್ಲ ದಿಕ್ಕುಗಳಿಂದಲೂ ಬರುತ್ತಿತ್ತು. ಎರಡು ಕಟ್ಟಡಗಳ ನಡುವಿನ ಸುಮಾರು ಇನ್ನೂರು ವರ್ಷಗಳಲ್ಲಿ ರೋಮನ್ನರು ಗೋಡೆಯನ್ನು ಇಷ್ಟು ತೆಳುವಾಗಿಸಿ, ಇಷ್ಟು ಕಿಟಕಿ ತೆರೆದು, ಅದರ ಮೇಲೂ ಗುಮ್ಮಟ ನಿಲ್ಲಿಸಲು ಕಲಿತಿದ್ದರು.

ಕೊನೆಗೆ ನೆತ್ತಿ. ಹತ್ತು ಮೂಲೆಯ ಗೋಡೆ ಮೇಲೇರುತ್ತ ದುಂಡಗಾಗಿ ಗುಮ್ಮಟವಾಗುವ ಜಾಗವನ್ನು ಹುಡುಕಿ. ಮೂಲೆಗಳು ಎಲ್ಲಿ ಮುಗಿಯುತ್ತವೆ ಎಂದು ಹೇಳಲು ಕಷ್ಟವಾಗುವಷ್ಟು ನಯವಾಗಿ ಆ ತಿರುವು ನಡೆದಿದೆ. ಒಡೆದ ಅಂಚಿನಲ್ಲಿ ದುರ್ಬೀನು ಹಿಡಿದರೆ ಕಾಂಕ್ರೀಟಿನೊಳಗೆ ಇಟ್ಟಿಗೆಯ ಪಟ್ಟಿಗಳು ಮೇಲಕ್ಕೆ ಸಾಗಿರುವುದು ಕಾಣುತ್ತದೆ. ಅವು ಗುಮ್ಮಟದ ಪಕ್ಕೆಲುಬುಗಳು. ಪಿರಾನೇಸಿಯ ಚಿತ್ರವನ್ನು ಹೊರತೆಗೆದು ಈ ಅಂಚಿಗೆ ಹೊಂದಿಸಿ ಹಿಡಿಯಬೇಕಾದ ಹೊತ್ತು ಇದು. ಈ ನಿಲುಗಡೆಗೆ ಕನಿಷ್ಠ ಮುಕ್ಕಾಲು ಗಂಟೆ ಕೊಡಿ.

ಆರನೆಯದು: ಪೋರ್ತಾ ಮಜ್ಜೋರೆಯಲ್ಲಿ ಬರಹಗಳನ್ನು ಓದುವುದು

ಅದೇ ರಸ್ತೆಯಲ್ಲಿ ಮುಂದೆ ನಡೆದರೆ ಟ್ರಾಂ ಹಳಿಗಳು ಹೆಣೆದುಕೊಂಡಿರುವ ಒಂದು ವೃತ್ತಕ್ಕೆ ಬರುತ್ತೀರಿ. ನಡುವೆ ಎರಡು ಕಮಾನುಗಳ ಬಿಳಿಯ ಮಹಾದ್ವಾರ. ಟ್ರಾಂಗಳು ಎಲ್ಲ ಕಡೆಯಿಂದಲೂ ತಿರುಗುವುದರಿಂದ ದಾಟುವ ಗುರುತಿನ ಜಾಗದಲ್ಲೇ ದಾಟಿ. ಚಿತ್ರ ತೆಗೆಯುತ್ತ ಹಿಂದಕ್ಕೆ ಹೆಜ್ಜೆ ಇಡಬೇಡಿ.

ಇದು ಮೂಲದಲ್ಲಿ ಊರಬಾಗಿಲಲ್ಲ. ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 52ರಲ್ಲಿ ಪೂರೈಸಿದ ಎರಡು ಮೇಲ್ಗಾಲುವೆಗಳನ್ನು ಇಲ್ಲಿನ ಎರಡು ಹೆದ್ದಾರಿಗಳ ಮೇಲೆ ದಾಟಿಸಲು ಕಟ್ಟಿದ ಕಮಾನು. ಪಕ್ಕದಿಂದ ನೋಡಿದರೆ ತಲೆಯ ಭಾಗದಲ್ಲಿ ಒಂದರ ಮೇಲೊಂದು ಎರಡು ನೀರಿನ ಕಾಲುವೆಗಳ ಬಾಯಿ ಕಾಣುತ್ತದೆ: ಕೆಳಗಿನದು ಕ್ಲಾಡಿಯಾ, ಮೇಲಿನದು ಆನಿಯೋ ನೋವಸ್. 3ನೆಯ ಶತಮಾನದಲ್ಲಿ ಚಕ್ರವರ್ತಿ ಆರೇಲಿಯನ್ ನಗರದ ಸುತ್ತ ಕೋಟೆ ಕಟ್ಟಿಸಿದಾಗ ಇದನ್ನು ಗೋಡೆಗೆ ಸೇರಿಸಿಕೊಂಡ ಮೇಲೆ ಬಾಗಿಲಾಯಿತು.

ಕಮಾನಿನ ಮೇಲ್ಭಾಗದಲ್ಲಿ ಮೂರು ಉದ್ದದ ಲ್ಯಾಟಿನ್ ಶಾಸನಗಳಿವೆ. ಮೇಲಿನದು ಕ್ಲಾಡಿಯಸನದು, 45 ಮತ್ತು 62ನೆಯ ಮೈಲಿಗಲ್ಲುಗಳಿಂದ ತನ್ನ ಖರ್ಚಿನಲ್ಲಿ ನೀರು ತರಿಸಿದೆನೆಂದು ಹೇಳುತ್ತದೆ. ಅದರ ಕೆಳಗಿನದು ಕ್ರಿ.ಶ. 71ರ ಚಕ್ರವರ್ತಿ ವೆಸ್ಪೇಸಿಯನ್ನನದು: ಕ್ಲಾಡಿಯಸ್ ತಂದ ನೀರು ಒಂಬತ್ತು ವರ್ಷ ನಿಂತುಹೋಗಿತ್ತು, ಕಾಲುವೆ ಶಿಥಿಲವಾಗಿತ್ತು, ತಾನು ಸರಿಪಡಿಸಿದೆ ಎಂದು ಅದರಲ್ಲಿದೆ. ಮೂರನೆಯದರಲ್ಲಿ, 81ರಲ್ಲಿ, ಅವನ ಮಗ ಟೈಟಸ್ ಮತ್ತೆ ದುರಸ್ತಿ ಮಾಡಿದ್ದನ್ನು ಬರೆಸಿದ್ದಾನೆ. ಉದ್ಘಾಟನೆಯಾಗಿ ಹತ್ತು ವರ್ಷಕ್ಕೆ ನೀರು ನಿಂತ ಸಂಗತಿಯನ್ನು, ಪಾಳುಬೀಳುವಿಕೆಯ ಲೆಕ್ಕವನ್ನು, ಕಟ್ಟಡದ ಹಣೆಯ ಮೇಲೆಯೇ ಕೆತ್ತಿಸಿದ ಇಂಥ ಉದಾಹರಣೆ ಅಪರೂಪ. ಮಿನರ್ವಾ ಮೆಡಿಕಾದ ಆಸರೆಗೋಡೆಗಳನ್ನು ಈಗಷ್ಟೇ ನೋಡಿ ಬಂದವರಿಗೆ ಈ ಮೂರು ಶಾಸನಗಳ ತೂಕ ಚೆನ್ನಾಗಿ ತಿಳಿಯುತ್ತದೆ.

ದ್ವಾರದ ಹೊರಮಗ್ಗುಲಿಗೆ ಬಂದರೆ ದುಂಡು ತೂತುಗಳಿಂದ ತುಂಬಿದ ವಿಚಿತ್ರ ಆಕಾರದ ಬಿಳಿಗಲ್ಲಿನ ಕಟ್ಟಡವೊಂದು ಸಿಗುತ್ತದೆ. ಇದು ಮಾರ್ಕಸ್ ವರ್ಜಿಲಿಯಸ್ ಯೂರಿಸಾಕಿಸ್ ಎಂಬ ಬ್ರೆಡ್ ತಯಾರಕನ ಸಮಾಧಿ, ಕ್ರಿ.ಪೂ. 1ನೆಯ ಶತಮಾನದ ಕೊನೆಯ ದಶಕಗಳದು. ಅವನು ಬಿಡುಗಡೆ ಪಡೆದ ಗುಲಾಮನಾಗಿದ್ದನೆಂದು ವಿದ್ವಾಂಸರು ಭಾವಿಸುತ್ತಾರೆ. ಸರ್ಕಾರಕ್ಕೆ ಬ್ರೆಡ್ ಪೂರೈಸುವ ಗುತ್ತಿಗೆ ಹಿಡಿದು ಸಿರಿವಂತನಾದ. ನಂತರದ ಕೋಟೆಯ ಬುರುಜಿನೊಳಗೆ ಹೂತುಹೋಗಿದ್ದ ಈ ಸಮಾಧಿ 1838ರಲ್ಲಿ ಆ ಬುರುಜುಗಳನ್ನು ಕೆಡವಿದಾಗ ಹೊರಬಂದಿತು. ದುಂಡು ತೂತುಗಳು ಹಿಟ್ಟು ನಾದುವ ತೊಟ್ಟಿಗಳ ರೂಪವೆಂಬುದು ಬಹಳ ಮಂದಿ ಒಪ್ಪುವ ವಿವರಣೆ.

ಮೇಲಂಚಿನ ಉಬ್ಬುಶಿಲ್ಪವನ್ನು ದುರ್ಬೀನಿನಿಂದ ಒಂದೊಂದೇ ಆಕೃತಿಯಾಗಿ ಓದಿ: ಕತ್ತೆ ಸುತ್ತುವ ಬೀಸುವ ಕಲ್ಲು, ಹಿಟ್ಟು ಜರಡಿ ಹಿಡಿಯುವವರು, ಮೇಜಿನ ಸುತ್ತ ಸಾಲಾಗಿ ನಿಂತು ಉಂಡೆ ಕಟ್ಟುವವರು, ಉದ್ದ ಹಿಡಿಯ ಸಲಿಕೆಯಿಂದ ಒಲೆಯೊಳಗೆ ಬ್ರೆಡ್ ತಳ್ಳುತ್ತಿರುವವನು, ಬುಟ್ಟಿಗಳನ್ನು ತಕ್ಕಡಿಗೆ ಏರಿಸುತ್ತಿರುವವರು. ಅವರ ಟ್ಯೂನಿಕ್‌ಗಳ ನೆರಿಗೆಯೂ ಬಾಗಿದ ಬೆನ್ನೂ ಇನ್ನೂ ಸ್ಪಷ್ಟವಾಗಿವೆ. ಈ ಸಮಾಧಿಗೆ ಸಮೀಪದ ಕಾಲದ ಅಗಸ್ಟಸ್ ಚಕ್ರವರ್ತಿಯ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಆ ನಾಣ್ಯಗಳನ್ನು ಗಾಜಿನ ಹಿಂದೆ ಮಾತ್ರ ಕಂಡವರಿಗೆ, ಅಂಥ ನಾಣ್ಯ ಕೊಟ್ಟು ಕೊಳ್ಳುತ್ತಿದ್ದ ಬ್ರೆಡ್ಡಿನ ತಯಾರಿ ಇಲ್ಲಿ ಕಲ್ಲಿನಲ್ಲಿದೆ.

ಇದೇ ವೃತ್ತದ ಬಳಿ, ರೈಲು ಹಳಿಯ ಕೆಳಗೆ, 1917ರಲ್ಲಿ ಪತ್ತೆಯಾದ 1ನೆಯ ಶತಮಾನದ ಭೂಗತ ಬಸಿಲಿಕಾ, ಎಂದರೆ ಕಂಬಸಾಲುಗಳ ಸಭಾಭವನ, ಇದೆ. ಬಿಳಿ ಗಚ್ಚಿನ ಕೋಮಲ ಉಬ್ಬುಚಿತ್ರಗಳು ಅದರ ಛಾವಣಿಯನ್ನು ತುಂಬಿವೆ. ತೇವ ತಗುಲದಂತೆ ಕಾಪಾಡಲು ಸಣ್ಣ ಗುಂಪುಗಳಿಗೆ, ಮುಂಗಡ ಕಾಯ್ದಿರಿಸಿದರೆ ಮಾತ್ರ ಪ್ರವೇಶ.

ಏಳನೆಯದು: ಮರಳುವ ದಾರಿ, ಮರುದಿನದ ಕೆಲಸ

ಹಿಂದಿರುಗುವಾಗ ಬೇರೆ ದಾರಿ ಹಿಡಿದು ಪಿಯಾತ್ಸಾ ವಿತ್ತೋರಿಯೋ ಉದ್ಯಾನಕ್ಕೆ ಬನ್ನಿ. ಅದರ ಒಂದು ಮೂಲೆಯಲ್ಲಿರುವ ದೊಡ್ಡ ಇಟ್ಟಿಗೆಯ ರಾಶಿ, 3ನೆಯ ಶತಮಾನದಲ್ಲಿ ಚಕ್ರವರ್ತಿ ಅಲೆಕ್ಸಾಂಡರ್ ಸೆವೆರಸ್ ಕಟ್ಟಿಸಿದ ಭಾರಿ ಕಾರಂಜಿಯ ಅವಶೇಷ. ಅದರ ಅಮೃತಶಿಲೆಯ ವಿಜಯಚಿಹ್ನೆಗಳನ್ನು 1590ರಲ್ಲಿ ಕಿತ್ತು ಕ್ಯಾಪಿಟೋಲ್ ಬೆಟ್ಟದ ಕಟಾಂಜನದ ಮೇಲೆ ಇರಿಸಿದರು, ಈಗಲೂ ಅಲ್ಲಿವೆ. ಉದ್ಯಾನದ ಸುತ್ತಮುತ್ತ ಬಾಂಗ್ಲಾದೇಶ, ಭಾರತ, ಚೀನಾ ಮೂಲದವರ ಅಂಗಡಿಗಳಿವೆ. ಹತ್ತಿರದ ಎಸ್ಕ್ವಿಲೀನೋ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ಮಸಾಲೆ ಸಾಮಾನು ದೊರೆಯುತ್ತವೆ; ವಾಸ್ತವ್ಯದಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಅನುಕೂಲ.

ಮರುದಿನ ಒಂದು ಬೆಳಿಗ್ಗೆಯನ್ನು ವಿಯಾ ಓಸ್ತಿಯೆನ್ಸೆಯಲ್ಲಿರುವ ಚೆಂತ್ರಾಲೆ ಮೊಂತೆಮಾರ್ತಿನಿಗೆ ಮೀಸಲಿಡಿ. ಹಿಂದೆ ವಿದ್ಯುತ್ ಉತ್ಪಾದನಾ ಕೇಂದ್ರವಾಗಿದ್ದ ಈ ಕಟ್ಟಡ ಈಗ ವಸ್ತುಸಂಗ್ರಹಾಲಯ. ಕಪ್ಪು ಎಂಜಿನುಗಳ ಮುಂದೆ ಬಿಳಿ ಪ್ರತಿಮೆಗಳು ನಿಂತಿವೆ. ಮಿನರ್ವಾ ಮೆಡಿಕಾದ ಆವರಣದಲ್ಲಿ 19ನೆಯ ಶತಮಾನದಲ್ಲಿ ದೊರೆತ ಇಬ್ಬರು ಅಧಿಕಾರಿಗಳ ಪ್ರತಿಮೆಗಳನ್ನು ಅಲ್ಲಿ ಕೇಳಿ ಹುಡುಕಿಕೊಳ್ಳಿ. ಭಾರವಾದ ನಿಲುವಂಗಿ ತೊಟ್ಟು, ರಥದೋಟಕ್ಕೆ ಸೂಚನೆ ಕೊಡುವ ವಸ್ತ್ರವನ್ನು ಹಿಡಿದ ಕೈಯನ್ನು ಮೇಲೆತ್ತಿದ್ದಾರೆ. ಬಟ್ಟೆ ಇನ್ನೂ ಕೈಯಿಂದ ಜಾರಿಲ್ಲ. ಕಟ್ಟಡದಲ್ಲಿ ದುರ್ಬೀನಿನಿಂದ ಹುಡುಕಿದ ಕಿಟಕಿಗಳ ಬೆಳಕು ಬೀಳುತ್ತಿದ್ದದ್ದು ಇಂಥ ಮುಖಗಳ ಮೇಲೆ.